ಗುಳೆಯ ಗಂಟು, ಶಾಲೆಯ ಹಾಜರಿ

ಮಕ್ಕಳನ್ನು ಕರೆದುಕೊಂಡು ತಿಂಗಳುಗಟ್ಟಲೆ ಲೋಕ ಸುತ್ತುವ ಕುಟುಂಬಗಳ ಸುದ್ದಿ ಆಗಾಗ ಬರುತ್ತಿರುತ್ತದೆ. ಹೊರಡುವ ಮುನ್ನ ಶಾಲೆಯ ಒಪ್ಪಿಗೆ ಪಡೆದು, ಪಠ್ಯಪುಸ್ತಕಗಳನ್ನೂ ಜೊತೆಗಿಟ್ಟುಕೊಳ್ಳುವ ಅನುಕೂಲ ಅವರಿಗಿದೆ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯಿಂದಲೂ ಮಕ್ಕಳು-ಮರಿ ಸಮೇತ ತಿಂಗಳುಗಟ್ಟಲೆ ಪರಸ್ಥಳಕ್ಕೆ ಹೋಗುವವರಿದ್ದಾರೆ. ಅವರ ಗಂಟಿನಲ್ಲಿರುವುದು ಜೋಳದ ಹಿಟ್ಟು, ಪಾತ್ರೆ, ಕೌದಿ. ಈ ಪ್ರಯಾಣಕ್ಕೆ ಜನ ಇಟ್ಟ ಹೆಸರು ಗುಳೆ.

ಗುಳೆ ಇಂದು ನಿನ್ನೆಯದಲ್ಲ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಆದಿಲ್‌ಶಾಹಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ಶಾಲಾ ಪಾಠದಲ್ಲಿದೆ. ಸೈನ್ಯ ಹಾಯ್ದ ದಾರಿಯ ಹಳ್ಳಿಗರು ಎಲ್ಲಿಗೆ ಹೋದರೆಂಬುದನ್ನು ಪಾಠ ಹೇಳುವುದಿಲ್ಲ. ದಕ್ಷಿಣ ಭಾರತದ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ದಾಖಲಿಸಿದ್ದಾನೆ. 1810 ಮತ್ತು 1817ರ ನಡುವೆ ಪ್ರಕಟವಾದ ಅವನ ಗ್ರಂಥದಲ್ಲಿ ಕನ್ನಡದ 'ವಲಸೆ' ಎಂಬ ಪದಕ್ಕೇ ವಿವರಣೆ ಇದೆ. ಶತ್ರು ಸೈನ್ಯ ಸಮೀಪಿಸಿದಾಗ ಊರಿಗೆ ಊರೇ ಹೊರಡುತ್ತಿತ್ತು. ಆರು ವರ್ಷ ದಾಟಿದ ಮಗುವೂ ತನ್ನ ಶಕ್ತ್ಯಾನುಸಾರ ಧಾನ್ಯದ ಹೊರೆ ಹೊರುತ್ತಿತ್ತು ಎಂಬುದು ಅದರ ಸಾರಾಂಶ.

ಯುದ್ಧಗಳು ನಿಂತ ಮೇಲೂ ಬರ ನಿಲ್ಲಲಿಲ್ಲ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ದಖ್ಖನಿನ ಉದ್ದಗಲಕ್ಕೂ ಭೀಕರ ಕ್ಷಾಮ ತಲೆದೋರಿತು. ಅದಕ್ಕೆ ಐದು ವರ್ಷ ಮೊದಲೇ, 1871ರಲ್ಲಿ, ಮುಂಬಯಿ ಮತ್ತು ಮದರಾಸು ಕಡೆಗಳಿಂದ ಬಂದ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದ್ದವು. ಕಾಲ್ನಡಿಗೆಯಲ್ಲಿ ಎಟುಕದ ದೂರದ ಪಟ್ಟಣಗಳು ಈ ಭಾಗದ ಕೂಲಿಕಾರರಿಗೆ ಎಟುಕುವಂತಾದವು.

ಎರಡು ನದಿಗಳ ನಡುವಿದ್ದೂ ಗುಳೆ ಏಕೆ? ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯವರೆಗೂ ಬಂದಿದೆಯಾದರೂ ಕೊನೆ ಭಾಗದ ಹೊಲಗಳಿಗೆ ನೀರು ತಲುಪುವುದಿಲ್ಲವೆಂಬ ದೂರು ಹಳೆಯದು. ದೇವದುರ್ಗದ ರೈತರು ನಾರಾಯಣಪುರ ಬಲದಂಡೆ ಕಾಲುವೆಗಾಗಿ ಬಹುಕಾಲ ಕಾಯಬೇಕಾಯಿತು. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಮಳೆ ನಂಬಿದ ಹೊಲದಲ್ಲಿ ಸುಗ್ಗಿ ಮುಗಿದರೆ ಕೆಲಸ ಮುಗಿಯಿತು. ಮೇಸ್ತ್ರಿಯಿಂದ ಪಡೆದ ಮುಂಗಡ ತೀರಿಸಲು ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡ ಕೆಲಸಕ್ಕೆ ಹೊರಡುವುದು. ಮುಂಗಾರಿನ ಹೊತ್ತಿಗೆ ಮರಳುವುದು. ಸ್ಥಳೀಯವಾಗಿಯೇ ವರ್ಷಕ್ಕೆ 100 ದಿನಗಳ ಕೆಲಸ ನೀಡುವ ಉದ್ಯೋಗ ಖಾತರಿ ಯೋಜನೆ 2006ರಲ್ಲಿ ಆರಂಭವಾದಾಗ ಮೊದಲ ಹಂತದಲ್ಲೇ ರಾಯಚೂರು ಸೇರಿದ್ದು ಈ ಕಾರಣಕ್ಕೇ ಆಗಿತ್ತು ಎಂದರೆ ತಪ್ಪಾಗಲಾರದು. ಆದರೂ ಗುಳೆ ನಿಲ್ಲಲಿಲ್ಲ.

ತೊಡಕಿರುವುದು ಇಲ್ಲಿಯೇ. ಗುಳೆಯ ತಿಂಗಳುಗಳೂ ಶಾಲೆಯ ತಿಂಗಳುಗಳೂ ಒಂದೇ. ಅಜ್ಜ-ಅಜ್ಜಿ ಇದ್ದ ಮನೆಯಲ್ಲಿ ಮಕ್ಕಳು ಊರಲ್ಲೇ ಉಳಿದಾರು. ಇಲ್ಲವಾದರೆ ಅವರೂ ಹೊರಡಲೇಬೇಕು. ಅಲ್ಲಿ ದೊಡ್ಡ ಹುಡುಗಿಯ ಪಾಲಿಗೆ ಬರುವುದು ತಮ್ಮ-ತಂಗಿಯರನ್ನು ಎತ್ತಿಕೊಳ್ಳುವ ಕೆಲಸ. ಹೈದರಾಬಾದಿನಲ್ಲಿ ತೆಲುಗು, ಪುಣೆಯಲ್ಲಿ ಮರಾಠಿ. ಹತ್ತಿರದಲ್ಲೇ ಶಾಲೆ ಇದ್ದರೂ ಪಾಠದ ಭಾಷೆ ಬೇರೆ. ಮರಳಿ ಬಂದಾಗ ತರಗತಿ ಬಹಳ ಮುಂದೆ ಹೋಗಿರುತ್ತದೆ.

ಹಾಗೆಂದು ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಸರ್ವ ಶಿಕ್ಷಣ ಅಭಿಯಾನದಡಿ ಬೆಂಗಳೂರಿನಲ್ಲಿ ಕೂಲಿಕಾರರ ಮಕ್ಕಳಿಗಾಗಿ ಟೆಂಟ್ ಶಾಲೆಗಳು ಬಂದವು. ತಂದೆ-ತಾಯಿ ಗುಳೆ ಹೋದಾಗ ಮಕ್ಕಳನ್ನು ಊರಿನಲ್ಲೇ ಉಳಿಸಿಕೊಳ್ಳುವ ಹಂಗಾಮಿ ವಸತಿ ವ್ಯವಸ್ಥೆಯೂ ಆ ಯೋಜನೆಯ ಭಾಗವಾಗಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಯಿತು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆ ಸ್ಥಳೀಯ ಸಂಸ್ಥೆಯದು ಎಂದು ಅದು ಹೇಳುತ್ತದೆ. ಆದರೆ ಮಗು ಯಾವ ಊರಿನಲ್ಲಿದೆ ಎಂಬುದೇ ಗೊತ್ತಾಗದಿದ್ದರೆ ಹೊಣೆ ಹೊರುವವರು ಯಾರು?

ಈ ಕಾಯ್ದೆ ಅನ್ವಯಿಸುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ವಿಲ್ಕ್ಸ್ ಬರೆದ ಕಾಲದಲ್ಲಿ ಮಗುವಿನ ತಲೆಯ ಮೇಲೆ ಹೊರೆ ಬರುತ್ತಿದ್ದುದೂ ಆರು ದಾಟಿದಾಗಲೇ. ಇನ್ನೂರು ವರ್ಷಗಳಲ್ಲಿ ಕಾನೂನು ಆ ವಯಸ್ಸಿನ ಅರ್ಥವನ್ನು ಬದಲಿಸಿದೆ. ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಅದು ನಿಜವಾಗಿ ಬದಲಾಗಿದೆಯೇ ಎಂಬುದನ್ನು ಸುಗ್ಗಿ ಮುಗಿದ ಮೇಲಿನ ಶಾಲೆಯ ಹಾಜರಿ ಪುಸ್ತಕವೇ ಹೇಳಬೇಕು.