ಕೇಳದೆ ಬಂದ ಕಾಗದಗಳು

ಮದ್ದೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಆತಗೂರಿನಲ್ಲಿ ನಾನು ಉಪಾಧ್ಯಾಯನಾಗಿದ್ದ ದಿನಗಳ ನೆನಪುಗಳಲ್ಲಿ ಒಂದು ಪೋಸ್ಟ್ ಕಾರ್ಡಿನ ಪ್ರಸಂಗ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮೊಬೈಲಿಗೆ ದಿನವೂ ಬಂದು ಬೀಳುವ ಸಾಲದ ಆಮಿಷ, ಬಹುಮಾನದ ಸುಳ್ಳು, ‘ಹತ್ತು ಜನರಿಗೆ ಕಳುಹಿಸಿರಿ’ ಎಂಬ ಆಜ್ಞೆಗಳನ್ನು ಅಳಿಸುತ್ತ ಕುಳಿತಾಗಲೆಲ್ಲ ಆ ಕಾರ್ಡು ಕಣ್ಣ ಮುಂದೆ ಬರುತ್ತದೆ. ಕೇಳದೆ ಬರುವ ಸಂದೇಶದ ಕಾಟ ಗಣಕಯಂತ್ರದ ಕಾಲದಲ್ಲಿ ಹುಟ್ಟಿದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ಅದರ ಬೇರು ಹಳೆಯದು. ಅದನ್ನೇ ಇಲ್ಲಿ ಸ್ವಲ್ಪ ವಿಚಾರಿಸಿ ನೋಡೋಣ.

ನನ್ನ ಬಾಲ್ಯದ ಹಳ್ಳಿಯಲ್ಲಿ ಯಾರೂ ಕೇಳದೆ ಎಲ್ಲರ ಕಿವಿಗೂ ಬೀಳುತ್ತಿದ್ದ ಸುದ್ದಿ ಒಂದೇ, ಅದು ಡಂಗುರ. ಕಂದಾಯ ಕಟ್ಟುವ ಗಡುವಾಗಲಿ, ಹಬ್ಬದ ದಿನವಾಗಲಿ, ತಮಟೆಯ ಸದ್ದಿನೊಡನೆ ಬೀದಿಬೀದಿಯಲ್ಲಿ ಸಾರಲ್ಪಡುತ್ತಿತ್ತು. ಸಾರುವವನು ಯಾರೆಂದು ಊರಿಗೆಲ್ಲ ಗೊತ್ತು. ಸಾರಿಸಿದವರು ಯಾರೆಂಬುದೂ ಗೊತ್ತು. ಸುದ್ದಿ ಸುಳ್ಳಾದರೆ ಮರುದಿನ ಅರಳಿಕಟ್ಟೆಯ ಮೇಲೆ ಕೇಳುವವರಿದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡುವ 1961ರ ಕಾಯಿದೆ ಬಂದು ಪಟೇಲ, ಶ್ಯಾನುಭೋಗರ ಕಾಲ ಮುಗಿದ ಮೇಲೂ ತಮಟೆಯ ಸದ್ದು ಕೆಲವು ವರ್ಷ ಉಳಿದಿತ್ತು. ಆ ವ್ಯವಸ್ಥೆಯಲ್ಲಿ ಅನ್ಯಾಯಗಳು ಬಹಳವಿದ್ದವು, ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಹೆಸರಿಲ್ಲದ ಮಾತು ಅಲ್ಲಿ ಬಹುದೂರ ಹೋಗುತ್ತಿರಲಿಲ್ಲ.

ಕಾಗದದ ಕಥೆ ಬೇರೆ. ನಮ್ಮ ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ಅಂಚೆಯ ವ್ಯವಸ್ಥೆಯಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. ಇಂಗ್ಲೆಂಡಿನಲ್ಲಿ 1840ರ ಸುಧಾರಣೆಗೆ ಮೊದಲು ಕಾಗದದ ದರವನ್ನು ಸಾಮಾನ್ಯವಾಗಿ ಪಡೆಯುವವನೇ ತೆರಬೇಕಾಗಿತ್ತು. ಬೇಡವೆಂದರೆ ದರ ಕೊಡದೆ ಹಿಂದಿರುಗಿಸಬಹುದಿತ್ತು. ರೋಲೆಂಡ್ ಹಿಲ್ ಎಂಬಾತನ ಯೋಜನೆಯಿಂದ ಅಂಚೆಚೀಟಿ ಬಂದು, ಖರ್ಚಿನ ಹೊರೆ ಕಳುಹಿಸುವವನ ಹೆಗಲಿಗೆ ಬಿತ್ತು. 1854ರಲ್ಲಿ ಇಂಡಿಯಾದಲ್ಲಿಯೂ ಅದೇ ಪದ್ಧತಿ ನೆಲೆಯಾಯಿತು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದಮೇಲೆ ಬಡವನೂ ಕಾಗದ ಬರೆಯುವಂತಾಯಿತು. ಇದು ದೊಡ್ಡ ಉಪಕಾರ. ಆದರೆ ಕಳುಹಿಸುವುದು ಅಗ್ಗವಾದಂತೆಲ್ಲ, ಯಾರಿಗೂ ಬೇಡದ್ದನ್ನು ಕಳುಹಿಸುವವರೂ ಹೆಚ್ಚುತ್ತಾರೆ ಎಂಬುದು ಕ್ರಮೇಣ ತಿಳಿದುಬಂತು.

ಈಗ ನನ್ನ ಕಾರ್ಡಿನ ವಿಷಯಕ್ಕೆ ಬರುತ್ತೇನೆ. 1985ರ ಮಳೆಗಾಲ. ಒಂದು ಸಂಜೆ ಕೂಲಿಯಿಂದ ಹಿಂದಿರುಗಿದ ಹೆಣ್ಣುಮಗಳೊಬ್ಬಳು ಶಾಲೆಯ ಜಗಲಿಗೆ ಬಂದು ನಿಂತಳು. ಆಕೆಯ ಹಿರಿಯ ಮಗಳು ನನ್ನ ಆರನೆಯ ತರಗತಿಯ ವಿದ್ಯಾರ್ಥಿನಿ.

“ಇದ್ರಲ್ಲಿ ಏನ್ ಬರ್ದವ್ರೆ, ವಸಿ ಓದೇಳಿ ಮೇಷ್ಟ್ರೇ” ಎಂದು ಕಾರ್ಡೊಂದನ್ನು ಚಾಚಿದಳು.

ಓದಿದೆ. ದೇವರ ಹೆಸರಿನಲ್ಲಿ ಆರಂಭವಾಗಿದ್ದ ಆ ಕಾರ್ಡಿನಲ್ಲಿ, ಇದನ್ನು 21 ಜನರಿಗೆ ಬರೆದು ಕಳುಹಿಸಿದವನಿಗೆ ಧನಲಾಭವಾಯಿತೆಂದೂ, ಅಲಕ್ಷ್ಯ ಮಾಡಿದವನ ಮನೆಯಲ್ಲಿ ಸಾವು ಸಂಭವಿಸಿತೆಂದೂ ಬರೆದಿತ್ತು. ಬರೆದವರ ಹೆಸರಾಗಲಿ ಊರಾಗಲಿ ಇರಲಿಲ್ಲ. ನಾನು ನಕ್ಕು, “ಇದೆಲ್ಲ ಬೊಗಳೆ ಕಣಮ್ಮ, ಒಲೆಗೆ ಹಾಕು” ಎಂದುಬಿಟ್ಟೆ. ಆಕೆ ನಗಲಿಲ್ಲ.

“ಮಗಿಗೆ ಮೂರ್ ದಿನದಿಂದ ಜರ ಕಣ್ ಮೇಷ್ಟ್ರೇ” ಎಂದಷ್ಟೇ ಹೇಳಿ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು.

ಮಾರನೆಯ ದಿನ ಹಿರಿಯ ಮಗಳು ಪಾಠಕ್ಕೆ ಗಮನ ಕೊಡದೆ ಏನನ್ನೋ ಬರೆಯುತ್ತಿದ್ದಳು. ನೋಡಿದರೆ ಅದೇ ಕಾರ್ಡಿನ ಪ್ರತಿಗಳು! ಆಗ ಕಾರ್ಡಿಗೆ 15 ಪೈಸೆ. 21 ಕಾರ್ಡಿಗೆ 3 ರೂಪಾಯಿ 15 ಪೈಸೆ. ಮನೆಯ ಮೊಟ್ಟೆಯಿಡುವ ಕೋಳಿಯನ್ನು ಮಾರಿ ತಾಯಿ ಕಾರ್ಡುಗಳನ್ನು ಕೊಂಡಿದ್ದಳು. ಮಗುವಿಗೆ ಔಷಧ ತರಬೇಕಾದ ಹಣ ಹೆಸರಿಲ್ಲದವನೊಬ್ಬನ ಬೆದರಿಕೆಗೆ ಖರ್ಚಾಗಿತ್ತು. ನನ್ನ ನಗು ಎಷ್ಟು ನಿರರ್ಥಕವಾಗಿತ್ತೆಂಬುದು ಆಗ ಅರಿವಾಯಿತು. ಓದುಬಲ್ಲವನಿಗೆ ಬೊಗಳೆಯಾಗಿ ಕಂಡದ್ದು, ಓದಲಾರದ ತಾಯಿಗೆ ಮಗುವಿನ ಪ್ರಾಣದ ಪ್ರಶ್ನೆಯಾಗಿತ್ತು. ಅದನ್ನು ಅವಳ ಕಿವಿಗೆ ಮುಟ್ಟಿಸಿದ ಬಾಯಿಯಾದರೂ ನನ್ನದೇ.

ಅಂದಿನ ಗಣಿತದ ಪಾಠ ಅದೇ ಕಾರ್ಡಿನ ಮೇಲೆ ನಡೆಯಿತು. ಒಬ್ಬನಿಂದ 21, ಅವರಿಂದ 441, ಮೂರನೆಯ ಸುತ್ತಿಗೆ 9,261, ನಾಲ್ಕಕ್ಕೆ 1,94,481, ಐದಕ್ಕೆ 40 ಲಕ್ಷ ದಾಟಿತು. ಏಳನೆಯ ಸುತ್ತಿಗೆ 180 ಕೋಟಿ ಕಾರ್ಡುಗಳು ಬೇಕು! 1981ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 68 ಕೋಟಿ. “ಹಾಗಾದರೆ ಎಲ್ಲರೂ ಬರೆಯುವುದು ಸಾಧ್ಯವೇ ಇಲ್ಲ. ಬರೆಯದವರಿಗೆಲ್ಲ ಕೇಡಾಗುವುದಾಗಿದ್ದರೆ ದೇಶದಲ್ಲಿ ಯಾರು ಉಳಿಯುತ್ತಿದ್ದರು?” ಎಂದು ಕೇಳಿದೆ. ಮಕ್ಕಳು ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ. ಅವಳ ಮನೆಯಲ್ಲಿ ಜ್ವರವಿತ್ತು.

ಸಂಜೆ ಅವರ ಮನೆಗೆ ಹೋದೆ. ಲೆಕ್ಕ ಹೇಳಿ ಪ್ರಯೋಜನವಿಲ್ಲವೆಂದು ತಿಳಿದಿತ್ತು. ಮೂಲ ಕಾರ್ಡನ್ನು ಕೇಳಿ ಪಡೆದು, ಆಕೆಯ ಎದುರಿಗೇ ಅದರ ಮೇಲೆ ನನ್ನ ಹೆಸರು, ಊರು, ದಿನಾಂಕ ಬರೆದು ಸಹಿ ಹಾಕಿದೆ. “ಈಗ ಇದು ನನ್ನ ಕಾಗದ ಕಣಮ್ಮ. ಕೇಡು ಬರುವುದಾದರೆ ನನಗೆ ಬರಲಿ. ನಡಿ, ಮಗೂನ ಆಸ್ಪತ್ರೆಗೆ ಕರಕೊಂಡು ಹೋಗೋಣ” ಎಂದೆ. ಆಕೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, ಬಳಿಕ ಮಗುವನ್ನು ಎತ್ತಿಕೊಂಡಳು. ಒಂದು ವಾರದಲ್ಲಿ ಮಗು ಚೇತರಿಸಿಕೊಂಡಿತು. ಉಳಿದ ಕಾರ್ಡುಗಳಲ್ಲಿ ಆ ಹುಡುಗಿ ನೆಂಟರಿಷ್ಟರಿಗೆ ಯೋಗಕ್ಷೇಮ ಬರೆದಳು.

ನಮ್ಮ ಹಳ್ಳಿಯಲ್ಲಿ ಇದು ನಡೆಯುವ ಏಳು ವರ್ಷ ಮೊದಲೇ, 1978ರ ಮೇ ತಿಂಗಳಲ್ಲಿ, ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಗ್ಯಾರಿ ತುಯರ್ಕ್ ಎಂಬಾತ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಮ್ಮೆಲೇ ಜಾಹೀರಾತು ಕಳುಹಿಸಿ ಬೈಗುಳ ತಿಂದಿದ್ದ. ಮುಂದೆ ಇಂಥವಕ್ಕೆ ‘ಸ್ಪ್ಯಾಮ್’ ಎಂಬ ಹೆಸರಾಯಿತು. ಅದು ಡಬ್ಬಿಯಲ್ಲಿ ಮಾರುವ ಮಾಂಸವೊಂದರ ಹೆಸರು. 1970ರ ಇಂಗ್ಲಿಷ್ ಹಾಸ್ಯ ದೃಶ್ಯವೊಂದರಲ್ಲಿ ಬೇಡವೆಂದರೂ ಪ್ರತಿ ತಿಂಡಿಯಲ್ಲಿಯೂ ಅದೇ ಬರುವುದರಿಂದ ಈ ಅನ್ವರ್ಥ. ಗಮನಿಸಿರಿ, ಮಿಂಚಂಚೆಯಲ್ಲಿ ಕಳುಹಿಸುವವನ ಖರ್ಚು ಸೊನ್ನೆಗೆ ಇಳಿದು, ಹೊರೆ ಮತ್ತೆ ಪಡೆಯುವವನ ಮೇಲೆಯೇ ಬಿತ್ತು. 1840ಕ್ಕೆ ಹಿಂದಿನ ಸ್ಥಿತಿ, ಆದರೆ ಹಿಂದಿರುಗಿಸುವ ಸ್ವಾತಂತ್ರ್ಯವಿಲ್ಲ!

ಗೋಡೆಗಳ ಗತಿಯೂ ಇದೇ. ನಗರಗಳ ಅಂದ ಕೆಡಿಸುವ ಭಿತ್ತಿಪತ್ರ, ಬರಹಗಳನ್ನು ತಡೆಯಲೆಂದು ಕರ್ನಾಟಕದಲ್ಲಿ 1981ರಲ್ಲಿಯೇ ಕಾಯಿದೆಯಾಯಿತು; ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿಯವರೆಗೆ ದಂಡ. ಆದರೂ 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯವೇ ಗದರಿಸಿದ ಮೇಲಷ್ಟೇ ಬೆಂಗಳೂರಿನ ಸಾವಿರಾರು ಫ್ಲೆಕ್ಸುಗಳು ಕೆಳಗಿಳಿದವು.

2012ರ ಆಗಸ್ಟಿನಲ್ಲಿ ನಡೆದದ್ದು ಇನ್ನೂ ಘೋರ. ಅಸ್ಸಾಮಿನ ಗಲಭೆಯ ಬೆನ್ನಲ್ಲೇ ಹಬ್ಬಿದ ವದಂತಿಗಳನ್ನೂ ಹೆಸರಿಲ್ಲದ ಎಸ್ಸೆಮ್ಮೆಸ್ಸುಗಳನ್ನೂ ನಂಬಿ, ಈಶಾನ್ಯ ರಾಜ್ಯಗಳ ಸಹಸ್ರಾರು ಮಂದಿ ಜೀವಭಯದಿಂದ ಬೆಂಗಳೂರನ್ನು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳುಹಿಸದಂತೆ ತಾತ್ಕಾಲಿಕ ನಿರ್ಬಂಧ ಹಾಕಿತು. ದೂರದರ್ಶನದಲ್ಲಿ ರೈಲುನಿಲ್ದಾಣದ ಆ ಮುಖಗಳನ್ನು ಕಂಡಾಗ, ಶಾಲೆಯ ಜಗಲಿಯಲ್ಲಿ ನಿಂತಿದ್ದ ತಾಯಿಯ ಮುಖವೇ ಕಂಡಂತಾಯಿತು.

ಪರಿಹಾರವೆಂದರೆ ಬಾಯಿ ಮುಚ್ಚಿಸುವುದೇ? ಅಲ್ಲ. ಅಧಿಕಾರದಲ್ಲಿರುವವರಿಗೆ ಬೇಡವಾದದ್ದೆಲ್ಲ ಜನರಿಗೂ ಬೇಡವೆಂದು ಹೇಳಲಾಗದು. ನಮ್ಮ ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಹಾರಿಸಬಾರದೆಂದು ಸಂಸ್ಥಾನದ ಸರ್ಕಾರ ಆಜ್ಞೆ ಮಾಡಿತ್ತು. ಅದನ್ನು ಮೀರಿದವರು ಎಲ್ಲರೆದುರು ನಿಂತು ಧ್ವಜ ಹಾರಿಸಿ, ಸೆರೆಮನೆಗೆ ಹೋದರು. ತಮ್ಮ ಸಂದೇಶಕ್ಕೆ ತಾವೇ ಹೊಣೆಯಾದರು. ಹೆಸರಿಲ್ಲದ ಕಾರ್ಡಿಗೂ ಅದಕ್ಕೂ ಇರುವ ವ್ಯತ್ಯಾಸ ಅದೇ.

ಇತ್ತೀಚಿನ ಕಟ್ಟಳೆಗಳೂ ಈ ದಾರಿಗೇ ಬಂದಿವೆ. 2018ರ ಟ್ರಾಯ್ ನಿಯಮದಂತೆ ವ್ಯಾಪಾರದ ಎಸ್ಸೆಮ್ಮೆಸ್ ಕಳುಹಿಸುವವರು ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಬೇಡದ ಕರೆ ಬಂದರೆ 1909ಕ್ಕೆ ದೂರಬಹುದು. ಆದರೆ ನಮ್ಮವರೇ ನಮಗೆ ದಾಟಿಸುವ ಸುಳ್ಳಿಗೆ ಯಾವ ನೋಂದಣಿಯೂ ಇಲ್ಲ. ಅಲ್ಲಿ ನಾನು ಪಾಲಿಸುವ ನಿಯಮ ಒಂದೇ: ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಲಾರದ್ದನ್ನು ಇನ್ನೊಬ್ಬರಿಗೆ ಕಳುಹಿಸುವುದಿಲ್ಲ.

ಆ ಕಾರ್ಡು ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅಕ್ಷರಗಳು ಮಾಸಿವೆ, ನನ್ನ ಸಹಿ ಮಾತ್ರ ಇನ್ನೂ ಓದಬರುತ್ತದೆ.