ಗೋವಾದ ಮೊದಲ ಹಾಳೆ, ನಮ್ಮ ಭಾನುವಾರದ ಹಾಳೆ



ಭಾನುವಾರ ಪೂಜೆಗೆ ಮುಂಚೆ ನಾವು ಹಂಚುವ ಹಾಳೆಗೆ ಗೋವಾದಲ್ಲಿ ಒಬ್ಬ ಹಿರಿಯಣ್ಣ ಇದ್ದಾನೆ.

1556ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್‌ನ ಹಡಗಿನಲ್ಲಿ ಒಂದು ಅಚ್ಚಿನ ಯಂತ್ರ ಗೋವಾಕ್ಕೆ ಬಂತು. ಅದು ಹೋಗಬೇಕಿದ್ದದ್ದು ಇಥಿಯೋಪಿಯಾಕ್ಕೆ. ಉಳಿದದ್ದು ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ. ಭಾರತದ ಮೊದಲ ಅಚ್ಚುಕೂಟ ಅದೇ. ಅಲ್ಲಿ ಮೊದಲು ಅಚ್ಚಾದದ್ದು ದಪ್ಪ ಗ್ರಂಥವಲ್ಲ, ವಿದ್ಯಾರ್ಥಿಗಳ ಬಹಿರಂಗ ಚರ್ಚೆಗೆ ಬೇಕಾದ ವಾದಾಂಶಗಳು. ಇಂದಿನ ಮಾತಿನಲ್ಲಿ ಹ್ಯಾಂಡ್‌ಔಟ್! ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಅದು ರೋಮನ್ ಅಕ್ಷರಗಳ ಅಚ್ಚುಕೂಟ. ಇಲ್ಲಿನ ಜನರ ಲಿಪಿಯ ಗತಿ? 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲೆಂಡಿನ ಫಾದರ್ ಥಾಮಸ್ ಸ್ಟೀಫನ್ಸ್‌ರಿಗೆ ಈ ನಾಡಿನ ಲಿಪಿಯಲ್ಲೇ ಪುಸ್ತಕ ಅಚ್ಚಾಗಬೇಕೆಂಬ ಆಸೆ ಬಹಳ ಇತ್ತು. ಯುರೋಪಿನಲ್ಲಿ 24 ಅಚ್ಚುಗಳು ಸಾಕು, ಇಲ್ಲಿ 600 ಬೇಕಾಗುತ್ತವೆ ಎಂದು ಅವರು 1608ರಲ್ಲಿ ರೋಮಿಗೆ ಪತ್ರ ಬರೆದರು. ಒತ್ತಕ್ಷರ ಬಲ್ಲ ನಮಗೆ ಈ ಕಷ್ಟ ಅರ್ಥವಾಗುತ್ತದೆ. ಕೊನೆಗೆ ಅವರ ಮರಾಠಿ ‘ಕ್ರಿಸ್ತಪುರಾಣ’ 1616ರಲ್ಲಿ ರೋಮನ್ ಲಿಪಿಯಲ್ಲೇ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕೂಡ 1843ರಲ್ಲಿ ಹೊರಬಂದದ್ದು ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ.

ಮೊಳೆ ಅಚ್ಚಿನ ಕಾಲದಲ್ಲಿ ಹಸ್ತಪ್ರತಿಯ ಮೇಲೆ ‘ಇದು ಶೀರ್ಷಿಕೆ’, ‘ಇದು ಓರೆ ಅಕ್ಷರ’ ಎಂದು ಗುರುತು ಹಾಕುತ್ತಿದ್ದರು. ಮೊಳೆ ಜೋಡಿಸುವವರು ಅದನ್ನು ನೋಡಿ ಪುಟ ಕಟ್ಟುತ್ತಿದ್ದರು. ಆ ಗುರುತೇ ಇಂದಿನ ಮಾರ್ಕಪ್. ಸಾಲಿನ ಮೊದಲಿಗೆ # ಹಾಕಿ ಒಂದು ಜಾಗ ಬಿಟ್ಟರೆ ಶೀರ್ಷಿಕೆ. ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಚಿಹ್ನೆ ಹಾಕಿದರೆ ದಪ್ಪ ಅಕ್ಷರ. ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಹೊಸ ಪ್ಯಾರಾ. ಬರೆದದ್ದನ್ನು ‘ಪ್ಯಾನ್‌ಡಾಕ್’ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟು, ನೋಟೋದಂತಹ ಯೂನಿಕೋಡ್ ಕನ್ನಡ ಫಾಂಟ್ ಆರಿಸಿದರೆ ಅಚ್ಚುಕಟ್ಟಾದ ಪಿಡಿಎಫ್ ಸಿದ್ಧ. ಅಂಚಿನಲ್ಲಿ ಧಾರಾಳ ಜಾಗ ಬಿಡಿ, ಅಕ್ಷರ ದೊಡ್ಡದಿರಲಿ. ಹಾಳೆ ಅಜ್ಜಿಯಂದಿರ ಕೈಗೂ ಹೋಗುತ್ತದೆ.

ಹಳೆಯ ಫಾಂಟುಗಳಲ್ಲಿ ಟೈಪಿಸಿದ ಎಷ್ಟೋ ಹಾಳೆಗಳು ಇಂದು ತೆರೆದರೆ ಬರೀ ಚಿತ್ರವಿಚಿತ್ರ ಚಿಹ್ನೆಗಳು. ಯೂನಿಕೋಡ್‌ನಲ್ಲಿರುವ ಸರಳ ಪಠ್ಯವನ್ನು ಯಾವ ಕಂಪ್ಯೂಟರ್ ಬೇಕಾದರೂ ಓದುತ್ತದೆ. ಆದ್ದರಿಂದ ಪಿಡಿಎಫ್ ಹಂಚಿದ ಮೇಲೆ ಮೂಲ ಪಠ್ಯವನ್ನು ಅಳಿಸಬೇಡಿ. ವರ್ಷ, ದಿನಾಂಕ ಹಾಕಿ ಎರಡು ಕಡೆ ಉಳಿಸಿಡಿ. ಗೋವಾದ ಮೊದಲ ಹಾಳೆ ಕಳೆದುಹೋಯಿತು, ನಮ್ಮದು ಕಳೆಯದಿರಲಿ. ಫಾದರ್ ಸ್ಟೀಫನ್ಸ್ ಆಸೆಪಟ್ಟರೂ ಸಿಗದ ನಾಡಿನ ಅಕ್ಷರ ಇಂದು ನಮ್ಮ ಬೆರಳ ತುದಿಯಲ್ಲೇ ಇದೆಯಲ್ಲ!