ಉಸಿರು ಎಣಿಸುವ ಪಾಠ



ಬೆಂಗಳೂರಿನಿಂದ ಪೂರ್ವ ದಿಕ್ಕಿಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರು ಹೋದರೆ ಬಂಗಾರಪೇಟೆ ಸಿಗುತ್ತದೆ. ಹೆಸರು ಕೇಳಿ ಈ ಊರಿನ ನೆಲದಲ್ಲಿ ಬಂಗಾರ ಸಿಗುತ್ತಿತ್ತೆಂದು ಭಾವಿಸಬೇಡಿ. ಇದರ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮೀಷನರಾಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಅವರ ಹೆಸರು ಅದು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೂ ಅವರದೇ ಹೆಸರು.

ಬಂಗಾರ ಇದ್ದದ್ದು ಇಲ್ಲಿಂದ ಹದಿನಾರು ಕಿಲೋಮೀಟರು ಆಚೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಒಂದು ಕವಲು ಹಳಿ ಕೋಲಾರ ಚಿನ್ನದ ಗಣಿಗಳ ಕಡೆಗೆ, ಮಾರಿಕುಪ್ಪಂವರೆಗೆ ಹೊರಳಿತು. 1864ರಲ್ಲೇ ತೆರೆದಿದ್ದ ಮುಖ್ಯ ಹಳಿ ಜೋಲಾರಪೇಟೆಯತ್ತ ಸಾಗುತ್ತದೆ. ಅಲ್ಲಿಂದ ಮುಂದೆ ಕಾಟ್ಪಾಡಿ, ಅದರ ಪಕ್ಕದಲ್ಲೇ ವೆಲ್ಲೂರು. ಒಂದು ಹಳಿಯ ಕೊನೆಯಲ್ಲಿ ಲೋಕದ ಅತ್ಯಂತ ಆಳವಾದ ಗಣಿಗಳಲ್ಲೊಂದು ಮತ್ತು ಅದರ ರೋಗಿಗಳು. ಇನ್ನೊಂದರ ದಾರಿಯಲ್ಲಿ, ದಾದಿಯರಿಗೆ ಪದವಿ ಪಾಠ ಹೇಳಿದ ದೇಶದ ಮೊದಲ ಕಾಲೇಜುಗಳಲ್ಲೊಂದು. ಈ ಎರಡೂ ಹಳಿಗಳು ಕೂಡುವ ಬಂಗಾರಪೇಟೆಯಲ್ಲಿ ನಿಂತು ಇಂದು ಒಂದು ಪ್ರಶ್ನೆ ಕೇಳೋಣ: ರೋಗಿಯ ಆರೈಕೆಯನ್ನು ಕಲಿಸಲು ಪ್ರಾಧ್ಯಾಪಕರು ಏಕೆ ಬೇಕು?

ಕಲ್ಲಿನ ಧೂಳು, ಮನುಷ್ಯನ ಉಸಿರು

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟ ಮೇಲೆ ಕೆ.ಜಿ.ಎಫ್. ಒಂದು ಪೀಳಿಗೆಯೊಳಗೇ ಪಟ್ಟಣವಾಯಿತು. 1901ರ ಜನಗಣತಿಯ ವೇಳೆಗೆ ಅಲ್ಲಿ 38 ಸಾವಿರ ಜನರಿದ್ದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಇದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಓದಿರದ ಸಂಗತಿ ಗಣಿಯ ಆಸ್ಪತ್ರೆಯದು.

ಚಾಂಪಿಯನ್ ರೀಫ್ಸ್ ಗಣಿ ಕೊನೆಗೆ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿನ ಭಾರ ತಾಳದೆ ಬಂಡೆ ಒಮ್ಮೆಲೇ ಸಿಡಿಯುವುದೂ ಉಂಟು. ಮೂಳೆ ಮುರಿದವರು, ಶಾಖಕ್ಕೆ ಕುಸಿದವರು, ಗಾಯಗೊಂಡವರು ಆಸ್ಪತ್ರೆಗೆ ಬರುತ್ತಿದ್ದರು. ಆದರೆ ಸದ್ದಿಲ್ಲದೆ ಬರುತ್ತಿದ್ದ ರೋಗ ಬೇರೆ ಇತ್ತು, ಅದೇ ಸಿಲಿಕೋಸಿಸ್.

ಇದನ್ನು ಸ್ವಲ್ಪ ವಿಜ್ಞಾನದ ಕಣ್ಣಿನಿಂದ ನೋಡಿ. ಕೋಲಾರದ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಹುದುಗಿತ್ತು. ಕಲ್ಲನ್ನು ಕೊರೆದಾಗ, ಸಿಡಿಸಿದಾಗ ಸಿಲಿಕಾದ ಧೂಳು ಏಳುತ್ತದೆ. ದಪ್ಪ ಕಣಗಳನ್ನು ಮೂಗು, ಗಂಟಲು ತಡೆಯುತ್ತವೆ. ಐದು ಮೈಕ್ರಾನಿಗಿಂತ ಸಣ್ಣ ಕಣ, ಅಂದರೆ ನಿಮ್ಮ ತಲೆಗೂದಲಿನ ದಪ್ಪದಲ್ಲಿ ಹತ್ತನೆಯ ಒಂದು ಭಾಗವೂ ಇಲ್ಲದ ಕಣ, ನೇರವಾಗಿ ಶ್ವಾಸಕೋಶದ ಗಾಳಿಗೂಡುಗಳಿಗೆ ಇಳಿಯುತ್ತದೆ. ಅಲ್ಲಿ ಕಾವಲಿರುವ ಜೀವಕೋಶಗಳು ಅದನ್ನು ನುಂಗುತ್ತವೆ. ಜೀರ್ಣಿಸಲಾರದೆ ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯದ ಕಲೆಯಂತೆ ನಾರು ಬೆಳೆಯುತ್ತದೆ. ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ವರ್ಷಗಳು ಕಳೆದಂತೆ ಬಿರುಸಾಗುತ್ತದೆ. ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. 1940ರ ದಶಕದಲ್ಲಿ ಕೆ.ಜಿ.ಎಫ್.ನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು.

ಕೊರೆಯುವಾಗ ನೀರು ಹಾಯಿಸಿದರೆ ಧೂಳು ತಗ್ಗುತ್ತದೆ, ರೋಗವನ್ನು ತಡೆಯಬಹುದು. ಆದರೆ ಬಂದ ಸಿಲಿಕೋಸಿಸನ್ನು ಹಿಂದಕ್ಕೆ ಕಳುಹಿಸುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಹಾಗಾದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಏದುಸಿರು ಬಿಡುತ್ತಾ ಕುಳಿತ ಗಣಿ ಕಾರ್ಮಿಕನಿಗೆ ಯಾರು ಏನು ಮಾಡಬೇಕು? ವೈದ್ಯರ ಚೀಟಿಯಲ್ಲಿ ಬರೆಯಲು ಹೆಚ್ಚೇನೂ ಉಳಿಯದ ಕಡೆ ದಾದಿಯ ಕೆಲಸ ಇನ್ನೂ ಬಹಳ ಉಳಿದಿರುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಯಾವ ಕೋನದಲ್ಲಿ ಕೂರಿಸಿದರೆ ಉಸಿರಾಟ ಹಗುರವಾಗುತ್ತದೆ? ಕಫವನ್ನು ಬೆಳಗಿನ ಜಾವವೇ ಏಕೆ ಸಂಗ್ರಹಿಸಬೇಕು? ತುಟಿಯ ಬಣ್ಣ ನೀಲಿಗೆ ತಿರುಗುತ್ತಿದೆಯೇ? ಅನ್ನ ನುಂಗುವಷ್ಟು ಉಸಿರು ಅವನಲ್ಲಿದೆಯೇ? ಇವು ಕರುಣೆಯೊಂದರಿಂದಲೇ ಉತ್ತರ ಸಿಗುವ ಪ್ರಶ್ನೆಗಳಲ್ಲ. ಯಾರಾದರೂ ಕಲಿತಿರಬೇಕು, ಅದಕ್ಕಿಂತ ಮೊದಲು ಯಾರಾದರೂ ಕಲಿಸಿರಬೇಕು.

ಕಲಿಯುವವಳೋ, ದುಡಿಯುವವಳೋ?

ಕಲಿಸುವ ಕಥೆ ಎಲ್ಲಿಂದ ಶುರುವಾಯಿತು? ಕ್ರಿಮಿಯಾ ಯುದ್ಧದಿಂದ ಮರಳಿದ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ತೆರೆದರು. ದೀಪ ಹಿಡಿದ ಮಹಿಳೆ ಎಂದು ನೀವು ಅವರನ್ನು ಬಲ್ಲಿರಿ. ಅವರ ಕೈಯಲ್ಲಿ ದೀಪಕ್ಕಿಂತ ಹೆಚ್ಚು ಹೊತ್ತು ಇದ್ದದ್ದು ಅಂಕಿಅಂಶದ ಪಟ್ಟಿ. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ದಂಡುಪ್ರದೇಶಗಳ ಸಾವುನೋವಿನ ಲೆಕ್ಕ ತರಿಸಿಕೊಂಡು ಅಧ್ಯಯನ ಮಾಡಿದವರು ಅವರು. ಆರೈಕೆಗೂ ಲೆಕ್ಕ ಬೇಕು, ಗಮನಿಸಿದ್ದನ್ನು ಬರೆದಿಡಬೇಕು ಎಂಬ ಮಾತು ಅಲ್ಲಿಂದ ಹರಡಿತು.

ನಮ್ಮ ನೆರೆಯ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ದಾದಿಯರ ಶಾಲೆ ಆರಂಭವಾಯಿತು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ ಅವರ ಆಸ್ಪತ್ರೆ 1909ರಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಮರುವರ್ಷ, 1910ರಲ್ಲಿ, ಕೋಲಾರದಲ್ಲೇ ಮೆಥಡಿಸ್ಟ್ ಮಿಷನ್ನಿನ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಹುಟ್ಟಿತು. ಊರಿನವರ ಬಾಯಲ್ಲಿ ಅದು ಇ.ಟಿ.ಸಿ.ಎಂ. ಆಸ್ಪತ್ರೆ. ಮುಂದೆ ಅಲ್ಲಿಯೂ ದಾದಿಯರ ತರಬೇತಿ ನಡೆಯಿತು.

ಹಳೆಯ ಶಾಲೆಗಳಲ್ಲಿ ಒಂದು ತೊಡಕಿತ್ತು. ವಿದ್ಯಾರ್ಥಿನಿ ಬೆಳಗಿನಿಂದ ರಾತ್ರಿಯವರೆಗೆ ವಾರ್ಡಿನಲ್ಲೇ ಇರುತ್ತಿದ್ದಳು. ಬಿಡುವಾದಾಗ ವೈದ್ಯರೊಬ್ಬರು ಬಂದು ಒಂದು ಪಾಠ ಹೇಳಿದರೆ ಹೇಳಿದರು. ಅವಳಿಲ್ಲದೆ ಆಸ್ಪತ್ರೆ ನಡೆಯದು, ಅವಳನ್ನು ತರಗತಿಗೆ ಕಳುಹಿಸಿದರೆ ವಾರ್ಡಿನಲ್ಲಿ ಆಳಿಲ್ಲ. ಹೀಗಾಗಿ ಕಲಿಯುವವಳೆಂಬ ಹೆಸರಿನಲ್ಲಿ ಅವಳು ದುಡಿಯುವವಳಾಗಿಯೇ ಉಳಿದಳು. ಕೈಚಳಕ ಬರುತ್ತಿತ್ತು, ಏಕೆ ಹೀಗೆ ಮಾಡಬೇಕು ಎಂಬ ಪ್ರಶ್ನೆಗೆ ಸಮಯವಿರಲಿಲ್ಲ.

1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಚಿತ್ರ ಬಯಲಾಯಿತು. ಅವಿಭಜಿತ ಭಾರತದಲ್ಲಿ ಸುಮಾರು 43 ಸಾವಿರ ಜನರಿಗೆ ಒಬ್ಬ ದಾದಿ! ಅದೇ 1946ರಲ್ಲಿ ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಕಾಲೇಜುಗಳು ಆರಂಭವಾದವು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದು, ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣ ಎಂಬ ಗುರಿ ಏರ್ಪಟ್ಟಿತು. 1959ರಲ್ಲಿ ದೆಹಲಿಯ ಕಾಲೇಜಿನಲ್ಲಿ ಎಂ.ಎಸ್ಸಿ. ತರಗತಿ ತೆರೆಯಿತು. ನರ್ಸಿಂಗ್ ಪ್ರಾಧ್ಯಾಪಕಿ ಎಂಬ ಹುದ್ದೆಗೆ ನಮ್ಮಲ್ಲಿ ನೆಲೆ ಸಿಕ್ಕಿದ್ದು ಹೀಗೆ. ದಾದಿಗೆ ದಾದಿಯೇ ಗುರು, ಅವಳ ಶಾಸ್ತ್ರ ಅವಳದೇ ಎಂಬುದು ಇದರ ತಿರುಳು. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದವು. ನರ್ಸಿಂಗ್‌ನಲ್ಲಿ ಪಿಎಚ್.ಡಿ. ಪಡೆಯುವ ದಾರಿಯೂ ಈಗ ಇದೆ. ಇದು ಹುಡುಗಿಯರ ವಿದ್ಯೆ ಮಾತ್ರ ಎಂಬ ಕಾಲವೂ ಹೋಯಿತು. ಹುಡುಗರೂ ಕಲಿಯುತ್ತಾರೆ, ಕಲಿಸುತ್ತಾರೆ.

ಪೂರ್ತಿ ಒಂದು ನಿಮಿಷ

ಈ ಪ್ರಾಧ್ಯಾಪಕಿಯ ದಿನ ಹೇಗಿರುತ್ತದೆ? ಕೆಲವು ವರ್ಷಗಳ ಹಿಂದೆ ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಚಿತ್ರೀಕರಣ ಮಾಡುವಾಗ ನಾನು ಕಂಡದ್ದನ್ನು ಹೇಳುತ್ತೇನೆ.

ಬೆಳಿಗ್ಗೆ ಎಂಟಕ್ಕೇ ಅವರು ವಾರ್ಡಿನಲ್ಲಿದ್ದರು. ಜೊತೆಯಲ್ಲಿ ಎರಡನೆಯ ವರ್ಷದ ಹತ್ತು ವಿದ್ಯಾರ್ಥಿಗಳು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಎಂಬುದು ಪರಿಷತ್ತಿನ ನಿಯಮ. ಹಾಸಿಗೆಯಲ್ಲಿದ್ದವರು ಒಂದು ಕಾಲದಲ್ಲಿ ಗಣಿಯೊಳಗೆ ಕೊರೆಯುವ ಕೆಲಸ ಮಾಡಿದ್ದ ಹಿರಿಯರು. ಒಬ್ಬ ವಿದ್ಯಾರ್ಥಿನಿ ಅವರ ಉಸಿರನ್ನು ಎಣಿಸಬೇಕಿತ್ತು. ನಾನು ಹೇಳಿದೆ: "ಮೇಡಂ, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ. ಟಿ.ವಿ.ಯಲ್ಲಿ ಒಂದು ನಿಮಿಷ ಸುಮ್ಮನೆ ತೋರಿಸಲು ಆಗುವುದಿಲ್ಲ."

"ಆಗುವುದಿಲ್ಲ ಸಾರ್," ಎಂದರು ಅವರು. "ಇವರ ಉಸಿರು ಒಂದೇ ಸಮನಾಗಿಲ್ಲ. ಹದಿನೈದು ಸೆಕೆಂಡಿನಲ್ಲಿ ಒಂದು ಉಸಿರು ತಪ್ಪಿದರೆ ಚಾರ್ಟಿನಲ್ಲಿ ನಾಲ್ಕು ತಪ್ಪುತ್ತದೆ. ನೀವು ಆಮೇಲೆ ಕತ್ತರಿಸಿಕೊಳ್ಳಿ. ಅವಳು ಪೂರ್ತಿ ಎಣಿಸಲಿ."

ಗಣಿತ ಸರಿಯಾಗಿತ್ತು, ವಿಜ್ಞಾನ ಓದಿದ ನಾನು ಸುಮ್ಮನಾದೆ.

ಇನ್ನೊಂದು ಸೂಕ್ಷ್ಮವನ್ನೂ ಅಂದು ಕಲಿತೆ. ಆ ಹುಡುಗಿ ಉಸಿರು ಎಣಿಸುತ್ತೇನೆಂದು ರೋಗಿಗೆ ಹೇಳಲಿಲ್ಲ. ನಾಡಿ ನೋಡುವವಳಂತೆ ಅವರ ಮಣಿಕಟ್ಟು ಹಿಡಿದಳು. ಕಣ್ಣು ಮಾತ್ರ ಎದೆಯ ಏರಿಳಿತದ ಮೇಲಿತ್ತು. ಎಣಿಸುತ್ತಿದ್ದಾರೆಂದು ತಿಳಿದರೆ ಯಾರೇ ಆದರೂ ತಮಗೆ ಅರಿವಿಲ್ಲದೆ ಉಸಿರನ್ನು ಬದಲಿಸುತ್ತಾರೆ. ಅಳೆಯುವ ಕ್ರಿಯೆಯೇ ಅಳತೆಯನ್ನು ಕೆಡಿಸಬಹುದು ಎಂಬ ಮಾತನ್ನು ನಾನು ಭೌತಶಾಸ್ತ್ರದ ತರಗತಿಯಲ್ಲಿ ಕೇಳಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಆ ವಾರ್ಡಿನಲ್ಲಿ. ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅವಳು 28 ಎಂದು ಬರೆದಳು. ಪ್ರಾಧ್ಯಾಪಕಿ ತಾವೂ ಎಣಿಸಿ ನೋಡಿ, ತಲೆಯಾಡಿಸಿ, "ಈಗ ಏನು ಮಾಡುತ್ತೀಯ?" ಎಂದು ಕೇಳಿದರು. ಹುಡುಗಿ ಮೊದಲು ಹಾಸಿಗೆಯ ತಲೆಭಾಗ ಎತ್ತಿದಳು, ಆಮೇಲೆ ಡ್ಯೂಟಿ ಸಿಸ್ಟರಿಗೆ ತಿಳಿಸಲು ಹೋದಳು. ಪಾಠ ಅಲ್ಲಿಗೆ ಮುಗಿಯಿತು.

ಕೆ.ಜಿ.ಎಫ್. ಸೀಮೆಯಲ್ಲಿ ಇನ್ನೊಂದು ಕಲಿಕೆಯೂ ಇದೆ. ಗಣಿಯ ಕೆಲಸಕ್ಕೆ ಬಂದವರಲ್ಲಿ ಬಹಳ ಮಂದಿ ತಮಿಳು, ತೆಲುಗು ಮನೆಮಾತಿನವರು. ನರ್ಸಿಂಗ್ ಪುಸ್ತಕ ಇಂಗ್ಲಿಷಿನದು, ಶಿಕ್ಷಕಿಯ ಮಾತು ಕನ್ನಡ, ರೋಗಿಗೆ ಅದು 'ಮೂಚ್ಚು', ಪಕ್ಕದ ಹಾಸಿಗೆಯವರಿಗೆ 'ಊಪಿರಿ'. ಉಸಿರು ಒಂದೇ. ರೋಗಿಯ ಭಾಷೆಯಲ್ಲಿ ನೋವನ್ನು ಕೇಳಲು ಬಾರದ ದಾದಿ ಅರ್ಧ ಮಾತ್ರ ಕಲಿತವಳೆಂದು ಆ ಪ್ರಾಧ್ಯಾಪಕಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ಮಧ್ಯಾಹ್ನ ತರಗತಿ. ಸಂಜೆ ವಿದ್ಯಾರ್ಥಿಗಳು ಬರೆದ ದಾಖಲೆ ಪುಸ್ತಕಗಳನ್ನು ತಿದ್ದುವ ಕೆಲಸ. ಯಾರು ಎಷ್ಟು ಬಾರಿ ಯಾವ ಕೆಲಸವನ್ನು ಯಾರ ಎದುರಿಗೆ ಮಾಡಿದರು ಎಂಬುದಕ್ಕೆಲ್ಲ ಸಹಿ ಬೇಕು. ಚುಚ್ಚುಮದ್ದನ್ನು ಮೊದಲು ಪ್ರಯೋಗಶಾಲೆಯ ಗೊಂಬೆಯ ಮೇಲೆ ಕಲಿಸುತ್ತಾರೆ. ಗೊಂಬೆಗೆ ನೋಯುವುದಿಲ್ಲ, ಅದು ಹೆದರುವುದೂ ಇಲ್ಲ. ಆದ್ದರಿಂದ ಕಲಿಕೆಯ ದೊಡ್ಡ ಭಾಗ ರೋಗಿಯ ಬಳಿಯೇ ನಡೆಯಬೇಕು. ನರ್ಸಿಂಗ್ ಕಾಲೇಜಿಗೆ ಕಟ್ಟಡ ಎಷ್ಟು ಮುಖ್ಯವೋ ವಾರ್ಡು ಅದಕ್ಕಿಂತ ಮುಖ್ಯ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕೆಂದು ಪರಿಷತ್ತು ಹೇಳುವುದು ಇದಕ್ಕಾಗಿಯೇ.

ಹಾಸಿಗೆಗಳು ಸಿದ್ಧವಾದ ಮೇಲೆ

2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆಯೂ ಬರಿದಾಯಿತು. ಧೂಳಿನ ರೋಗವನ್ನು ಹತ್ತಿರದಿಂದ ಕಂಡು ಕಲಿಯಬಹುದಾಗಿದ್ದ ವಾರ್ಡುಗಳಲ್ಲಿ ಧೂಳೇ ಕವಿಯಿತು. ಆದರೆ ಶ್ವಾಸಕೋಶದೊಳಗಿನ ಸಿಲಿಕಾ, ಗಣಿ ಮುಚ್ಚಿದ ದಿನವೇ ಕೆಲಸ ನಿಲ್ಲಿಸುವುದಿಲ್ಲ. ರೋಗಿಗಳು ಉಳಿದರು.

2021ರಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ ಸ್ವಯಂಸೇವಕರು ಈ ಹಳೆಯ ಆಸ್ಪತ್ರೆಗೆ ನುಗ್ಗಿ, ಕಸ ಗುಡಿಸಿ, ಗೋಡೆಗೆ ಬಣ್ಣ ಹಚ್ಚಿ, ಕೆಲವೇ ವಾರಗಳಲ್ಲಿ ಹಾಸಿಗೆಗಳನ್ನು ಸಿದ್ಧಪಡಿಸಿದರು. ಮೆಚ್ಚತಕ್ಕ ಕೆಲಸ. ಅದರ ಜೊತೆಗೇ ಒಂದು ಲೆಕ್ಕ ಹಾಕಿ ನೋಡಿ. ಹಾಸಿಗೆ ಸಿದ್ಧವಾಗಲು ಕೆಲವು ವಾರ ಸಾಕು. ಆ ಹಾಸಿಗೆಯ ಪಕ್ಕದಲ್ಲಿ ನಿಂತು ಉಸಿರು ಎಣಿಸುವ ಪದವೀಧರ ದಾದಿಗೆ ನಾಲ್ಕು ವರ್ಷ ಬೇಕು. ಅವಳಿಗೆ ಕಲಿಸುವ ಪ್ರಾಧ್ಯಾಪಕಿಗೆ? ನಾಲ್ಕು ವರ್ಷದ ಪದವಿ, ಒಂದು ವರ್ಷದ ಅನುಭವ, ಎರಡು ವರ್ಷದ ಎಂ.ಎಸ್ಸಿ., ಆಮೇಲೆ ಅನೇಕ ವರ್ಷಗಳ ಬೋಧನೆ. ಪಿ.ಯು.ಸಿ. ಮುಗಿಸಿದವರು ಆ ಕುರ್ಚಿ ತಲುಪುವ ಹೊತ್ತಿಗೆ ಸುಮಾರು ಹದಿನೈದು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಹೆಚ್ಚು ಸಂಬಳದ ಊರುಗಳೂ ದೇಶಗಳೂ ಅವರನ್ನು ಕರೆಯುತ್ತಿರುತ್ತವೆ. ಹೋಗುವವರನ್ನು ದೂರುವಂತಿಲ್ಲ. ಆದರೆ ಉಳಿದು ಕಲಿಸುವವರಿಲ್ಲದಿದ್ದರೆ ಮುಂದಿನ ಸಾಂಕ್ರಾಮಿಕ ರೋಗದಲ್ಲಿ ನಮ್ಮ ಬಳಿ ಹಾಸಿಗೆಗಳು ಮಾತ್ರ ಇರುತ್ತವೆ.

ನಿಮ್ಮಲ್ಲಿ ಕೆಲವರು ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದುತ್ತಿದ್ದೀರಿ. ಮೆಡಿಕಲ್ ಸೀಟು ಸಿಗದಿದ್ದರೆ ನರ್ಸಿಂಗ್ ಎಂದು ಮನೆಯಲ್ಲಿ ಮಾತು ಬಂದಿರಬಹುದು. ಅದನ್ನು ಎರಡನೆಯ ಆಯ್ಕೆ ಎಂದು ಎಣಿಸುವ ಮೊದಲು ಇಂದು ರಾತ್ರಿ ಒಂದು ಪ್ರಯೋಗ ಮಾಡಿ. ಮನೆಯಲ್ಲಿ ಅಜ್ಜಿಯೋ ತಮ್ಮನೋ ನಿದ್ದೆ ಹೋದ ಮೇಲೆ, ಗಡಿಯಾರ ಹಿಡಿದು ಅವರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎದೆ ಎಷ್ಟು ಏರುತ್ತದೆ, ಸದ್ದು ಹೇಗಿದೆ, ನಡುವೆ ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ಗಮನಿಸಿ. ಸಂಖ್ಯೆ, ದಿನಾಂಕ, ಗಂಟೆಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ನಾಳೆ ಅದೇ ಹೊತ್ತಿಗೆ ಮತ್ತೆ ಎಣಿಸಿ, ಎರಡನ್ನೂ ಹೋಲಿಸಿ ನೋಡಿ.